ರೂಪಶ್ರೀ ಸಾಮಾನು ತರಲು ಹೋದ ದಿನ

ನಮ್ಮ ಎದುರು ಮನೆಯ ಮಹಡಿಯಲ್ಲಿ ರೂಪಶ್ರೀ ಎಂಬ ಹೆಣ್ಣುಮಗಳಿದ್ದಾಳೆ. ಕಟ್ಟಾಯದ ಕಡೆಯವಳು, ವಯಸ್ಸು ಇಪ್ಪತ್ತೆಂಟು. ಹಾಸನದಲ್ಲಿ ಬಿ.ಕಾಂ. ಮುಗಿಸಿ ಅಲ್ಲಿಯೇ ಒಂದು ಸಹಕಾರ ಸಂಘದ ಕಚೇರಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದಳು. ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದಳು. ಗಂಡ ಸುದರ್ಶನ್ ಶಾಂತಿಗ್ರಾಮದವನು, ಬಸ್ ಡ್ರೈವರ್. ದೂರದ ಮಾರ್ಗದ ಡ್ಯೂಟಿ. ಬೆಳಿಗ್ಗೆ ಆರಕ್ಕೆ ಹೊರಟರೆ ಮಾರನೆಯ ದಿನ ಸಂಜೆಗೆ ಬರುತ್ತಾನೆ. ಒಂದು ದಿನ ಮನೆಯಲ್ಲಿದ್ದು ಮತ್ತೆ ಹೊರಡುತ್ತಾನೆ.

ಇವರಿಗೆ ಅವಳಿ ಹೆಣ್ಣುಮಕ್ಕಳು, ಇಂಚರ ಮತ್ತು ಇಬ್ಬನಿ. ಮೊದಲ ಐದು ತಿಂಗಳು ರೂಪಶ್ರೀ ತವರಿನಲ್ಲಿದ್ದಳು. ಅಷ್ಟರಲ್ಲಿ ಅವಳ ಅಣ್ಣನ ಹೆಂಡತಿಗೆ ಹೆರಿಗೆ ಹತ್ತಿರವಾಯಿತು, ಒಂದೇ ಮನೆಯಲ್ಲಿ ಮೂರು ಕೂಸು ಕಷ್ಟ ಎಂದು ಇವಳನ್ನು ಕಳಿಸಿಕೊಟ್ಟರು. ಅತ್ತೆ ಹೊನ್ನಕ್ಕ ಬಂದು ಎರಡು ತಿಂಗಳಿದ್ದರು. ಆದರೆ ಆಕೆಗೆ ಊರಿನಲ್ಲಿ ನಾಲ್ಕು ಹಸು. ಎರಡು ಹೊತ್ತೂ ಡೇರಿಗೆ ಹಾಲು ಹಾಕಬೇಕು. ‘ಹಸುಗಳ್ನ ಯಾರ್ ಮ್ಯಾಲೆ ಬಿಡ್ಲವ್ವ’ ಎಂದು ಒಂದು ಬೆಳಿಗ್ಗೆ ಬಸ್ಸು ಹತ್ತಿದರು. ಅಲ್ಲಿಂದ ಮುಂದೆ ರೂಪಶ್ರೀ ಒಬ್ಬಳೇ.

ನನ್ನ ವಿಷಯವನ್ನೂ ಹೇಳಬೇಕು. ನಾನು ಗೋದಮ್ಮ. ಹೊಳೆನರಸೀಪುರದವಳು. ಮೂವತ್ತೊಂದು ವರ್ಷ ಈ ಊರಿನ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಕಳೆದ ವರ್ಷ ಮೊಣಕಾಲಿನ ಆಪರೇಷನ್ ಆದ ಮೇಲೆ ನಾಲ್ಕು ತಿಂಗಳು ಬೀದಿಕಡೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಬೇರೆ ಕೆಲಸವಿರಲಿಲ್ಲ. ಎದುರು ಮನೆಯಲ್ಲಿ ಏನಾಗುತ್ತದೆ ಎಂಬುದೆಲ್ಲ ನನಗೆ ಕಾಣುತ್ತಿತ್ತು. ಕಂಡದ್ದಕ್ಕೆ ಒಂದು ಮಾತು ಸೇರಿಸುವುದು ಟೀಚರ್ ಕೆಲಸ ಮಾಡಿದವರ ಅಭ್ಯಾಸ.

ಆ ಮನೆಗೆ ಹೊರಗಿನಿಂದಲೇ ಮೆಟ್ಟಿಲು. ಕಿರಿದು, ಕೈಹಿಡಿ ಇಲ್ಲ. ಡಿಪೋದ ಸ್ನೇಹಿತರೆಲ್ಲ ಸೇರಿ ನಾಮಕರಣಕ್ಕೆ ಒಂದು ಜೋಡಿ ಗಾಡಿ ಕೊಟ್ಟಿದ್ದರು. ಎರಡು ಮಕ್ಕಳು ಅಕ್ಕಪಕ್ಕ ಕೂರುವಂಥದ್ದು. ಅದನ್ನು ಮೆಟ್ಟಿಲ ಕೆಳಗೆ ಕಟ್ಟಿಟ್ಟಿದ್ದರು. ರೂಪಶ್ರೀ ಹೊರಗೆ ಹೋಗಬೇಕಾದರೆ ಮೊದಲು ಒಂದು ಮಗುವನ್ನು ಕೆಳಗೆ ತಂದು ಗಾಡಿಯಲ್ಲಿ ಕೂರಿಸಿ ಬೆಲ್ಟು ಹಾಕುತ್ತಿದ್ದಳು. ಮತ್ತೆ ಓಡಿ ಮೇಲೆ ಹೋಗಿ ಇನ್ನೊಂದನ್ನು ತರುತ್ತಿದ್ದಳು. ಆ ಅರ್ಧ ನಿಮಿಷ ಕೆಳಗಿನದು ಒಂದು ಸ್ವರದಲ್ಲಿ, ಮೇಲಿನದು ಇನ್ನೊಂದು ಸ್ವರದಲ್ಲಿ ಕಿರುಚುತ್ತಿದ್ದವು.

ಒಂದು ದಿನ ನಾನು ಕಿಟಕಿಯಿಂದಲೇ ಕೂಗಿ ಹೇಳಿದೆ, “ರೂಪಾ, ಮಗುನ ಒಂದನ್ನೇ ಬೀದಿಯಲ್ಲಿ ಬಿಟ್ಟು ಹೋಗ್ತೀಯಲ್ಲಮ್ಮ, ನಾಯಿ ಓಡಾಡುತ್ತೆ.”

ಅವಳು ಮೆಟ್ಟಿಲ ಮಧ್ಯದಲ್ಲಿ ನಿಂತು ನನ್ನ ಕಡೆ ನೋಡಿದಳು. “ಊ ಟೀಚರ್” ಅಂದಳು. ಅಷ್ಟೇ. ಸಹಾಯ ಮಾಡಿದೆ ಅಂದುಕೊಂಡು ನಾನು ಪತ್ರಿಕೆ ಬಿಡಿಸಿದೆ.

ನಾನು ಹೇಳಹೊರಟಿರುವ ದಿನ ಮಕ್ಕಳಿಗೆ ಹತ್ತು ತಿಂಗಳು. ಅಷ್ಟು ದಿನ ರೂಪಶ್ರೀಯ ಸಾಮಾನೆಲ್ಲ ಮೂಲೆ ಅಂಗಡಿಯ ಪಾಲಾಕ್ಷನಿಂದ ಬರುತ್ತಿತ್ತು. ಫೋನ್ ಮಾಡಿದರೆ ಬೇಳೆ, ಎಣ್ಣೆ, ಸೋಪು ಎಲ್ಲ ಕಟ್ಟಿ ಬೈಕಿನಲ್ಲಿ ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ಆ ವಾರ ಅವನ ನಾದಿನಿಯ ಮದುವೆ, ಅರಕಲಗೂಡಿನಲ್ಲಿ. ಅಂಗಡಿಗೆ ನಾಲ್ಕು ದಿನ ಬೀಗ. ಹೇಳಿಯೇ ಹೋಗಿದ್ದ. ರೂಪಶ್ರೀ ಗಂಡನಿಗೆ ಪಟ್ಟಿ ಬರೆದು ಕೊಟ್ಟಿದ್ದಳು. ಅವನು ರಜೆಯ ದಿನವೆಲ್ಲ ನಿದ್ದೆ ಮಾಡಿ ಎದ್ದು, ಸಂಜೆ ಮಕ್ಕಳನ್ನು ಆಡಿಸಿ, ‘ನಾಳಿದ್ದು ತತ್ತೀನಿ ಬುಡು’ ಎಂದು ಬೆಳಿಗ್ಗೆ ಡ್ಯೂಟಿಗೆ ಹೋಗಿಬಿಟ್ಟ. ಮನೆಯಲ್ಲಿ ತೊಗರಿಬೇಳೆ ಇಲ್ಲ, ಅಡುಗೆ ಎಣ್ಣೆ ತಳ ಕಂಡಿದೆ, ಮಕ್ಕಳ ರಾಗಿಸರಿಯ ಪುಡಿ ಒಂದು ಹೊತ್ತಿಗೆ ಸಾಕು, ಡೈಪರು ಎರಡೇ ಉಳಿದಿವೆ.

ಹೈವೇ ಕಡೆ ಹೊಸದಾಗಿ ಒಂದು ದೊಡ್ಡ ಮಾರ್ಟ್ ತೆರೆದಿದ್ದರು. ನಮ್ಮ ಬೀದಿಯಿಂದ ಅರ್ಧ ಕಿಲೋಮೀಟರು. ಹತ್ತೂವರೆಗೆ ಮಕ್ಕಳಿಗೆ ಊಟ ಮಾಡಿಸಿ, ನಿದ್ದೆಗೆ ಇನ್ನೂ ಒಂದೂವರೆ ಗಂಟೆ ಇದೆ, ಅಷ್ಟರಲ್ಲಿ ಹೋಗಿ ಬಂದುಬಿಡೋಣ ಎಂದು ಅವಳು ಹೊರಟಳು. ಒಂದು ಮಗು, ಮತ್ತೊಂದು ಮಗು, ಬ್ಯಾಗು. ಇಷ್ಟು ಕೆಳಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಆಮೇಲಿನದು ನಾನು ನೋಡಿದ್ದಲ್ಲ. ಅವಳೇ ನನಗೆ ಹೇಳಿದ್ದು.

ನಮ್ಮ ಬೀದಿಯ ಕೊನೆಯಲ್ಲಿ ತೆಂಗಿನಕಾಯಿ ಮಂಡಿ. ಕಾಯಿ ತುಂಬಿದ ಲಾರಿಯೊಂದು ಫುಟ್‌ಪಾತಿಗೆ ಒತ್ತಿ ನಿಂತಿತ್ತು. ಫುಟ್‌ಪಾತಿನ ಮೇಲೆ ಎರಡು ಚಪ್ಪಡಿಕಲ್ಲುಗಳಿಲ್ಲ, ಕೆಳಗೆ ಚರಂಡಿ. ಒಂಟಿ ಮನುಷ್ಯ ದಾಟಿಕೊಂಡು ಹೋಗಬಹುದು, ಜೋಡಿ ಗಾಡಿ ಹೋಗುವುದಿಲ್ಲ. ರೂಪಶ್ರೀ ರಸ್ತೆಗೆ ಇಳಿದಳು. ಇಳಿದ ಕೂಡಲೇ ಹಿಂದಿನಿಂದ ಹಾರನ್ನು. ಲಾರಿಯ ಪಕ್ಕ ಬೀಡಿ ಸೇದುತ್ತ ನಿಂತಿದ್ದವನನ್ನು “ಅಣ್ಣ, ಚೂರು ಮುಂದಕ್ಕೆ ತಗಳಿ” ಎಂದು ಕೇಳಿದಳು. “ಡ್ರೈವರ್ ಟೀ ಕುಡಿಯಾಕೆ ಓಗವ್ನೆ ಕಣಕ್ಕ” ಎಂದು ಅವನು ಇನ್ನೊಂದು ಕಡೆ ತಿರುಗಿದ. ಒಬ್ಬ ಆಟೋದವನು ಪಕ್ಕದಲ್ಲೇ ನಿಧಾನ ಮಾಡಿ, “ರೋಡಿನ ಮಧ್ಯಕ್ಕೆ ಮಕ್ಕಳ್ನ ತಳ್ಕಂಡು ಬತ್ತೀರಲ್ಲ, ಗ್ಯಾನ ಬ್ಯಾಡ್ವಾ?” ಎಂದು ಬುದ್ಧಿ ಹೇಳಿ ಹೋದ.

ಮಾರ್ಟಿನ ಮುಂದೆ ಐದು ಮೆಟ್ಟಿಲು. ಪಕ್ಕದಲ್ಲಿ ಒಂದು ಇಳಿಜಾರೇನೋ ಇತ್ತು, ಅದರ ತುಂಬ ಸ್ಕೂಟರು ನಿಲ್ಲಿಸಿದ್ದರು. ಅವಳು ಗಾಡಿಯನ್ನು ಹಿಮ್ಮುಖವಾಗಿ ತಿರುಗಿಸಿ, ಒಂದೊಂದೇ ಮೆಟ್ಟಿಲು ಎಳೆದುಕೊಂಡು ಹತ್ತಿದಳು. ಪ್ರತಿ ಮೆಟ್ಟಿಲಿಗೂ ಮಕ್ಕಳ ತಲೆ ಕುಲುಕುತ್ತಿತ್ತು. ಇಬ್ಬನಿಗೆ ಅದು ಆಟ, ನಗುತ್ತಿದ್ದಳು. ಇಂಚರಳಿಗೆ ಭಯ, ಅಳುತ್ತಿದ್ದಳು. ಇಬ್ಬರು ಗಂಡಸರು ಪಕ್ಕದಲ್ಲೇ ಇಳಿದು ಹೋದರು.

ಮೇಲೆ ಹತ್ತಿದರೆ ಬಾಗಿಲಲ್ಲಿ ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದ. “ಅಕ್ಕ, ಗಾಡಿ ಒಳಗೆ ಬಿಡಲ್ಲ. ಬ್ಯಾಗನ್ನೂ ಕೌಂಟರಿನಲ್ಲಿ ಇಡಬೇಕು.”

“ಅಣ್ಣ, ಇವೆರಡನ್ನೂ ಎತ್ಕಂಡು ಸಾಮಾನ್ ಎಂಗಣ್ಣ ತಗಳ್ಲಿ?”

“ಒಳಗೆ ಟ್ರಾಲಿ ಐತಲ್ಲ, ಅದ್ರಲ್ಲಿ ಕೂರ್ಸ್ಕಳಿ. ರೂಲ್ಸ್ ಅಕ್ಕ, ನಾನೇನ್ ಮಾಡ್ಲಿ.”

“ಬ್ಯಾಗಲ್ಲಿ ಮಕ್ಕಳ ನೀರು, ಬಟ್ಟೆ ಇರಾದು.”

“ನೀರಿನ ಬಾಟ್ಲು ತಗೊಂಡು ಮಿಕ್ಕಿದ್ದು ಕೊಡಿ.”

ಅವಳು ಬಾಗಿಲಲ್ಲೇ ಬಗ್ಗಿ ಬ್ಯಾಗಿನಿಂದ ನೀರಿನ ಬಾಟಲಿ, ಒರೆಸುವ ಬಟ್ಟೆ ತೆಗೆದುಕೊಳ್ಳುತ್ತಿದ್ದಾಗ ಒಬ್ಬ ಹೆಂಗಸು ನಿಂತು ನೋಡಿದಳು. “ಅಯ್ಯೋ, ಅವಳಿ ಮಕ್ಕಳಾ! ಎರಡೂ ಹೆಣ್ಣೇನವ್ವ?”

“ಊ ಕಣಮ್ಮ.”

“ಒಂದಾದ್ರೂ ಗಂಡಾಗಿದ್ರೆ ಒಂದೇ ಸಲಕ್ಕೆ ಮುಗ್ದೋಗದು ನೋಡು. ಈಗ ಮತ್ತೆ ಆಗ್ಬೇಕಲ್ಲ.”

ರೂಪಶ್ರೀ ಉತ್ತರ ಕೊಡಲಿಲ್ಲ. ಉತ್ತರ ಕೊಡುವುದಕ್ಕೆ ಎರಡು ಕೈ ಬಿಡುವಿರಬೇಕಿತ್ತು ಎಂದು ನನಗೆ ಆಮೇಲೆ ಹೇಳಿದಳು.

ಟ್ರಾಲಿಯಲ್ಲಿ ಮಗು ಕೂರಿಸುವ ಜಾಗ ಒಂದೇ. ಅಲ್ಲಿ ಇಂಚರಳನ್ನು ಕೂರಿಸಿ, ಸಾಮಾನು ಹಾಕುವ ಕಡೆ ಇಬ್ಬನಿಯನ್ನು ಕೂರಿಸಿದಳು. ಇನ್ನು ಸಾಮಾನಿಗೆ ಎಲ್ಲಿ ಜಾಗ? ಇಬ್ಬನಿಯ ಕಾಲ ಬಳಿಯಲ್ಲೇ ಇಡುತ್ತ ಹೋದಳು. ಬೇಳೆಯ ಪಾಕೆಟ್ಟು ಇಟ್ಟ ಕೂಡಲೇ ಇಬ್ಬನಿ ಅದರ ಮೂಲೆಯನ್ನು ಬಾಯಿಗೆ ಹಾಕಿಕೊಂಡಳು. ಅವಳಿಗೆ ಕೆಳಗೆ ಎರಡು ಹಲ್ಲು ಬಂದಿದ್ದವು. ರೂಪಶ್ರೀ ಡೈಪರಿನ ಸೈಜು ನೋಡಿ ತಿರುಗುವಷ್ಟರಲ್ಲಿ ಪಾಕೆಟ್ಟು ಹರಿದು ಬೇಳೆ ಟ್ರಾಲಿಯ ಸಂದಿಯಿಂದ ಸರಸರನೆ ನೆಲಕ್ಕೆ ಸುರಿಯುತ್ತಿತ್ತು. ಅವಳು ಮೊದಲು ಮಗುವಿನ ಬಾಯಿಗೆ ಬೆರಳು ಹಾಕಿದಳು, ಕಾಳು ನುಂಗಿದ್ದಾಳೇನೋ ಎಂದು. ಮಗು ಕಿರುಚಿತು. ಅದು ಕಿರುಚಿದ್ದನ್ನು ನೋಡಿ ಇನ್ನೊಂದೂ ಕಿರುಚಿತು.

ಸಮವಸ್ತ್ರ ತೊಟ್ಟ ಕೆಲಸದ ಹುಡುಗಿಯೊಬ್ಬಳು ಪೊರಕೆ ಹಿಡಿದು ಬಂದಳು. “ಮೇಡಂ, ಹರಿದಿರೋದನ್ನ ನೀವೇ ಬಿಲ್ ಮಾಡಿಸ್ಕೋಬೇಕಾಗುತ್ತೆ.”

“ಮಾಡಿಸ್ಕತೀನಮ್ಮ” ಅಂದಳು ರೂಪಶ್ರೀ. ಅವಳ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಸುತ್ತ ನಾಲ್ಕೈದು ಜನ ನಿಂತಿದ್ದರು. ಒಬ್ಬರು, ಮಗುವಿಗೆ ಹೊಟ್ಟೆ ಹಸಿದಿದೆ ಎಂದರು. ಇನ್ನೊಬ್ಬರು, ಹೊಟ್ಟೆನೋವಿರಬೇಕು, ಓಮಿನ ನೀರು ಕುಡಿಸು ಎಂದರು. ಇಷ್ಟು ಎಳೆ ಮಕ್ಕಳನ್ನು ಇಂಥ ಕಡೆ ಯಾಕೆ ತರುತ್ತಾರೋ ಎಂದು ಮೂರನೆಯವರು ಅವಳಿಗಲ್ಲ, ಪಕ್ಕದವರಿಗೆ ಹೇಳಿದರು, ಅವಳಿಗೆ ಕೇಳುವಂತೆ.

ಇನ್ನು ಎಣ್ಣೆ, ರಾಗಿಸರಿಯ ಪುಡಿ ಎರಡೇ ಬಾಕಿ. ಎಣ್ಣೆಯ ಸಾಲಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ಎದುರಾದಳು. ಐವತ್ತು ದಾಟಿದವಳು, ಮುಖದಲ್ಲಿ ನಗು. “ಕೊಡವ್ವ ಇಲ್ಲಿ, ನಾನ್ ಎತ್ಕತೀನಿ. ನೀನ್ ನಿನ್ ಸಾಮಾನ್ ನೋಡ್ಕ” ಎಂದು, ಇವಳು ಹೂಂ ಅನ್ನುವ ಮೊದಲೇ ಇಬ್ಬನಿಯನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಮಗು ಅಳು ನಿಲ್ಲಿಸಿತು. ರೂಪಶ್ರೀಗೆ ಆ ಕ್ಷಣ ನಿಜವಾಗಿಯೂ ಹಾಯೆನಿಸಿತಂತೆ. “ಕೊಡ್ಬಾರ್ದಿತ್ತು ಟೀಚರ್. ಆದ್ರೆ ಅದೊಂದ್ ನಿಮಿಷ ಕೈ ಅಗುರಾಯ್ತು ಕಣ್ರಿ.”

ಕೆಳಗಿನ ಹಲಗೆಯಿಂದ ಎಣ್ಣೆಯ ಡಬ್ಬ ಎತ್ತಿ ಟ್ರಾಲಿಯಲ್ಲಿಟ್ಟು ತಿರುಗಿದಳು. ಹೆಂಗಸು ಇರಲಿಲ್ಲ.

ಪಕ್ಕದ ಸಾಲು ನೋಡಿದಳು. ಇಲ್ಲ. ಅದರಾಚೆಯ ಸಾಲು ನೋಡಿದಳು. ಇಲ್ಲ. ಇಂಚರಳನ್ನು ಕಿತ್ತು ತೋಳಿಗೆ ಹಾಕಿಕೊಂಡು, ಟ್ರಾಲಿ ಅಲ್ಲೇ ಬಿಟ್ಟು ಓಡಿದಳು. ಬಿಲ್ ಹಾಕುವ ಜಾಗದಲ್ಲೂ ಇಲ್ಲ. ಬಾಗಿಲಿಗೆ ಓಡಿ, “ಅಣ್ಣ, ಮಗೀನ್ ಎತ್ಕಂಡು ಒಂದೆಂಗಸು ಆಚೆ ಓದ್ಲಾ? ಹಳದಿ ಫ್ರಾಕು, ನನ್ನ ಮಗಳು” ಎಂದು ಕೇಳಿದಳು.

“ಮಗೀನ್ ಎತ್ಕಂಡು ಎಷ್ಟೋ ಜನ ಓಯ್ತಾರೆ ಬತ್ತಾರೆ ಅಕ್ಕ” ಅಂದ ಸೆಕ್ಯೂರಿಟಿಯವನು.

ಮೆಟ್ಟಿಲಿಳಿದು ರಸ್ತೆಯ ಎರಡೂ ಕಡೆ ನೋಡಿದಳು. ಹೈವೇಯಲ್ಲಿ ಬಸ್ಸು, ಲಾರಿ. ಎಲ್ಲೂ ಹಳದಿ ಬಣ್ಣ ಕಾಣಲಿಲ್ಲ. ಮತ್ತೆ ಹತ್ತಿ ಒಳಗೆ ಓಡಿದಳು. ಹಿಂಭಾಗದಲ್ಲಿ ಮಹಡಿಗೆ ಹೋಗುವ ಮೆಟ್ಟಿಲಿತ್ತು. ಅಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನು. ಹತ್ತಿ ನೋಡಿದರೆ ಆ ಹೆಂಗಸು ತನ್ನ ತಂಗಿಯ ಜೊತೆ ಸ್ಟೀಲ್ ಡಬ್ಬಗಳ ಮುಂದೆ ನಿಂತು, ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ತಿರುಗಿಸಿ ನೋಡುತ್ತಿದ್ದಾಳೆ. ಸೊಂಟದಲ್ಲಿ ಇಬ್ಬನಿ. ಇಬ್ಬನಿಯ ಬಾಯಲ್ಲಿ ಕೆಂಪು ಲಾಲಿಪಾಪು.

ರೂಪಶ್ರೀ ಮಗುವನ್ನು ಕಿತ್ತುಕೊಂಡಳು. ಲಾಲಿಪಾಪನ್ನು ಎಳೆದು ಎಸೆದಳು. ತಾನು ಇಷ್ಟು ಜೋರಾಗಿ ಕೂಗಬಲ್ಲೆ ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ಯಾರನ್ನ ಕೇಳ್ಕಂಡು ಮಗೀನ ಮ್ಯಾಲಕ್ಕೆ ತಂದ್ರಿ? ಹತ್ತು ತಿಂಗ್ಳ ಕೂಸಿಗೆ ಇದನ್ನ ಬಾಯಿಗೆ ಇಡ್ತೀರಲ್ಲ, ಗಂಟ್ಲಿಗೆ ಸಿಕ್ಕಾಕಂಡಿದ್ರೆ ಯಾರು ಕೊಡ್ತಿದ್ರು ನನ್ ಮಗೀನ?”

ಹೆಂಗಸು ಮೊದಲು ಬೆಚ್ಚಿದಳು, ಆಮೇಲೆ ಅವಳಿಗೂ ಸಿಟ್ಟು ಬಂತು. “ಏನವ್ವ ಇಂಗೆ ಮೈಮ್ಯಾಲ್ ಬೀಳ್ತೀಯ? ಪಾಪ ಒಬ್ಳೇ ಅವ್ಳಲ್ಲ ಅಂತ ಎತ್ಕಂಡ್ರೆ ನಾನೇನ್ ಕದ್ಕಂಡ್ ಓಯ್ತಿದ್ನಾ? ನಾವೂ ಮಕ್ಕಳ್ನ ಎತ್ತು ಸಾಕಿದೋರೇ ಕಣ. ಇಂಥೋರ್ಗೆಲ್ಲ ದ್ಯಾವ್ರು ಯಾಕೆ ಎರಡೆರಡು ಕೊಡ್ತಾನೋ!”

ಕೂಗು ಕೇಳಿ ಜನ ಸೇರಿದರು. ಎಲ್ಲರೂ ಹೆಂಗಸಿನ ಪರ. ಹಿರಿಯರೊಬ್ಬರು “ಹೋಗ್ಲಿ ಬಿಡಮ್ಮ, ದೊಡ್ಡೋರು, ಪ್ರೀತಿಯಿಂದ ಮಾಡಿದ್ದಾರೆ” ಎಂದು ರೂಪಶ್ರೀಗೇ ಸಮಾಧಾನ ಹೇಳಿದರು. ಅವಳು ಎರಡು ತೋಳಿನಲ್ಲಿ ಎರಡು ಮಕ್ಕಳನ್ನು ಹೊತ್ತು ಮೆಟ್ಟಿಲ ಮೇಲೆ ತನ್ನ ಪಾದ ಕಾಣದೆ, ತಡವಿ ತಡವಿ ಇಳಿದಳು.

ಕೆಳಗೆ ಎಣ್ಣೆಯ ಸಾಲಿಗೆ ಬಂದರೆ ಅವಳ ಟ್ರಾಲಿ ಖಾಲಿ. ಯಾರೋ ಬಿಟ್ಟುಹೋಗಿದ್ದಾರೆ ಎಂದು ಕೆಲಸದವರು ಎಲ್ಲವನ್ನೂ ತೆಗೆದು ಅದರದರ ಜಾಗಕ್ಕೆ ಇಟ್ಟಿದ್ದರು. ಹರಿದ ಬೇಳೆ ಪಾಕೆಟ್ಟೊಂದನ್ನು ಮಾತ್ರ ಬಿಲ್ಲಿನವರು ಅವಳಿಗಾಗಿ ಕಾಯ್ದಿಟ್ಟಿದ್ದರು. ಅದಕ್ಕೆ ಹಣ ಕೊಟ್ಟು, ಅದನ್ನು ಅಲ್ಲೇ ಬಿಟ್ಟು, ಕೌಂಟರಿನಿಂದ ಬ್ಯಾಗು ತೆಗೆದುಕೊಂಡು ಅವಳು ಹೊರಗೆ ಬಂದಳು. ಜೋಡಿ ಗಾಡಿಯ ಒಂದು ಸೀಟಿನಲ್ಲಿ ಯಾರೋ ತಮ್ಮ ಹೆಲ್ಮೆಟ್ಟು ಇಟ್ಟು ಒಳಗೆ ಹೋಗಿದ್ದರು. ಅವಳು ಹೆಲ್ಮೆಟ್ಟನ್ನು ನೆಲಕ್ಕೆ ಬೀಳಿಸಿ ಕಾಲಿನಿಂದ ಮೆಟ್ಟಿಲ ಕೆಳಕ್ಕೆ ಒದ್ದಳು.

ಬಿಸಿಲು ಏರಿತ್ತು. ಹನ್ನೆರಡೂಕಾಲಿಗೆ ಅವಳು ನಮ್ಮ ಬೀದಿಗೆ ತಿರುಗಿದ್ದನ್ನು ನಾನು ಕಂಡೆ. ಕೂದಲು ಕೆದರಿ, ಚೂಡಿದಾರದ ಭುಜದ ಮೇಲೆ ಕೆಂಪು ಕಲೆ. ಗಾಡಿಯ ಕೆಳಗಿನ ಚೀಲ ಖಾಲಿ. ನಾನು ಕೇಳಿಯೇಬಿಟ್ಟೆ, “ಏನಮ್ಮ ರೂಪಾ, ಇಷ್ಟೊತ್ತು ಮಾಡಿ ಸಾಮಾನೇ ತರಲಿಲ್ವಲ್ಲ?”

ಅವಳು ಗಾಡಿ ನಿಲ್ಲಿಸಿದಳು. ನನ್ನ ಕಡೆ ಮುಖ ಎತ್ತಿದಳು.

“ನೀವು ಕಿಟಕಿ ಮುಚ್ಕಳಿ ಟೀಚರ್” ಅಂದಳು.

ಮೂವತ್ತೊಂದು ವರ್ಷ ಪಾಠ ಹೇಳಿದವಳಿಗೆ ಯಾರೂ ಹಾಗೆ ಹೇಳಿರಲಿಲ್ಲ. ನಾನು ಕಿಟಕಿ ಮುಚ್ಚಿದೆ. ಮುಚ್ಚಿ, ಒಳಗೆ ಕೂತು ಬೈದುಕೊಂಡೆ. ಎಷ್ಟು ಸೊಕ್ಕು, ಈಗಿನ ಹುಡುಗಿಯರಿಗೆ ದೊಡ್ಡವರು ಚಿಕ್ಕವರು ಇಲ್ಲ, ಹೀಗೆಲ್ಲ. ಊಟಕ್ಕೆ ಕೂತಾಗ ನಮ್ಮ ಯಜಮಾನರಿಗೆ ಹೇಳಿದೆ. ಅವರು ಅನ್ನ ಕಲಸುತ್ತ, “ಅವಳಿಗೆ ಏನು ಬೇಕಿತ್ತಂತೆ?” ಎಂದು ಕೇಳಿದರು.

“ಯಾರಿಗೆ ಗೊತ್ತು” ಅಂದೆ.

“ನಾನು ದಿನಾ ಪೇಟೆಗೆ ಹೋಗಿ ಬರ್ತೀನಲ್ಲ. ಒಂದು ಮಾತು ಹೇಳಿದ್ರೆ ತಂದುಕೊಡ್ತಿದ್ದೆ.”

ನಮ್ಮ ಮನೆಯ ಸಾಮಾನನ್ನು ಎಂದೂ ನಾನು ತಂದವಳಲ್ಲ. ಮದುವೆಯಾದಂದಿನಿಂದ ಅವರೇ ತರುತ್ತಾರೆ. ಮೂರು ತಿಂಗಳಿಂದ ಎದುರು ಮನೆಯವಳು ಎರಡು ಕೂಸು ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡುತ್ತಿದ್ದೇನೆ. ನಾಯಿ ಇದೆ ಎಂದು ಹೇಳಿದ್ದೇನೆ. ಮಕ್ಕಳಿಗೆ ಟೋಪಿ ಹಾಕು ಎಂದು ಹೇಳಿದ್ದೇನೆ. ನಿನಗೇನು ಬೇಕು ಎಂದು ಒಂದು ದಿನವೂ ಕೇಳಿರಲಿಲ್ಲ.

ನಾಲ್ಕು ಗಂಟೆಗೆ ಯಜಮಾನರ ಕೈಯಲ್ಲಿ ನಮ್ಮ ಮನೆಯಲ್ಲಿದ್ದ ಬೇಳೆ, ಎಣ್ಣೆ, ಒಂದು ಪಾತ್ರೆ ಸಾರು ಹೊರಿಸಿಕೊಂಡು, ವಾಕರ್ ಹಿಡಿದು ರಸ್ತೆ ದಾಟಿದೆ. ಆಪರೇಷನ್ ಆದ ಮೇಲೆ ನಾನು ಗೇಟು ದಾಟಿದ್ದು ಅದೇ ಮೊದಲು. ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಕೆಳಗೇ ನಿಂತು ಕೂಗಿದೆ. ಅವಳು ಬಂದಳು. ಬರುವಾಗಲೇ “ತಪ್ಪಾಯ್ತು ಟೀಚರ್, ಅಂಗನ್ನಬಾರ್ದಿತ್ತು” ಎಂದಳು.

“ಅಂದಿದ್ದು ಸರಿಯಾಗೇ ಇತ್ತು. ಏನಾಯ್ತು ಹೇಳು” ಅಂದೆ.

ಇಬ್ಬರೂ ಕೊನೆಯ ಮೆಟ್ಟಿಲ ಮೇಲೆ ಕೂತೆವು. ಮಕ್ಕಳು ಮೇಲೆ ಮಲಗಿದ್ದವು. ಅವಳು ಲಾರಿಯಿಂದ ಹಿಡಿದು ಹೆಲ್ಮೆಟ್ಟಿನ ತನಕ ಎಲ್ಲ ಹೇಳಿದಳು. ಅಳಲಿಲ್ಲ. ಹೇಳುತ್ತ ಹೇಳುತ್ತ ಅವಳ ಕೈ ಮೆಟ್ಟಿಲ ಪಕ್ಕದ ಗಾರೆಯನ್ನು ಕೆರೆದು ಉದುರಿಸುತ್ತಿತ್ತು. “ಆಫೀಸಲ್ಲಿ ನಾನೊಬ್ಳೇ ಇನ್ನೂರು ಜನರ ಖಾತೆ ನೋಡ್ತಿದ್ದೆ ಟೀಚರ್. ಒಂದ್ ತಪ್ಪಿರ್ತಿರ್ಲಿಲ್ಲ. ಇವತ್ತು ಒಂದ್ ಪಾಕೀಟು ಬ್ಯಾಳೆ ತರಾಕಾಗ್ಲಿಲ್ಲ” ಎಂದಳು.

ಅವತ್ತಿನ ರಾಗಿಸರಿ, ಡೈಪರನ್ನು ಯಜಮಾನರು ತಂದುಕೊಟ್ಟರು. ಮಾರನೆಯ ದಿನ ಸಂಜೆ ಸುದರ್ಶನ್ ಬಂದ. ಒಳ್ಳೆಯ ಹುಡುಗ, ಕುಡಿತವಿಲ್ಲ, ಹೆಂಡತಿಯ ಮೇಲೆ ಪ್ರೀತಿ. ಅವಳು ಹೇಳಿದ್ದನ್ನೆಲ್ಲ ಕೇಳಿ ಅವನಿಗೆ ಸಂಕಟವೇ ಆಯಿತು. ಆದರೆ ಅವನು ಹೇಳಿದ್ದು ಬೇರೆ. “ಅದಕ್ಯಾಕೆ ಇಷ್ಟ್ ಯೋಚ್ನೆ? ನಾಳೆ ನೀನ್ ಮನ್ಲಿರು, ನಾನೇ ಇಬ್ರನ್ನೂ ಕರ್ಕಂಡು ಓಗಿ ಎಲ್ಲ ತತ್ತೀನಿ. ಎಂಗಿರ್ತದೆ ಅಂತ ನಾನೂ ನೋಡ್ತೀನಿ.”

ಮರುದಿನ ಹತ್ತಕ್ಕೆ ಅವನು ಜೋಡಿ ಗಾಡಿ ತಳ್ಳಿಕೊಂಡು ಹೋದ. ಹನ್ನೊಂದೂಕಾಲಿಗೆ ಬಂದ. ಈ ಸಲ ನಾನು ಕಿಟಕಿಯಲ್ಲಿರಲಿಲ್ಲ, ನಮ್ಮ ಗೇಟಿನ ಹತ್ತಿರ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದೆ, ಹಾಗಾಗಿ ಎಲ್ಲ ಕಣ್ಣಾರೆ ಕಂಡೆ. ಮುಂದೆ ಸುದರ್ಶನ್, ಗಾಡಿಯಲ್ಲಿ ಎರಡೂ ಮಕ್ಕಳು ತೂಕಡಿಸುತ್ತಿದ್ದವು. ಹಿಂದೆ ಒಂದು ಆಟೋ, ಅದರಲ್ಲಿ ಸಾಮಾನಿನ ಎರಡು ದೊಡ್ಡ ಚೀಲ. ಆಟೋದವನು ತಾನೇ ಇಳಿದು ಚೀಲಗಳನ್ನು ಮೆಟ್ಟಿಲು ಹತ್ತಿಸಿ, “ಬಾಡಿಗೆ ಬ್ಯಾಡ ಕಣಣ್ಣ, ಪಾಪ ಒಬ್ಬರೇ ಮಕ್ಕಳ್ನ ಕಟ್ಕಂಡು ಬಂದಿದ್ದೀರಿ” ಎಂದು ಹೋದ.

ರೂಪಶ್ರೀ ಬಾಗಿಲಲ್ಲಿ ನಿಂತಿದ್ದಳು. ಸುದರ್ಶನ್ ಕೆಳಗಿನಿಂದಲೇ ಹಿಗ್ಗಿನಿಂದ ಹೇಳತೊಡಗಿದ.

“ಏನ್ ಕಷ್ಟನೇ ಇಲ್ಲ ಕಣೆ! ಸುಮ್ಕೆ ಎದ್ರುಕಂಡಿದ್ದೆ ನೀನು. ಮಂಡಿ ತಾವ ಲಾರಿಯೋನು ನನ್ನ ನೋಡ್ತಿದ್ದಂಗೆ ಲಾರಿ ಮುಂದಕ್ ತಗಂಡ. ಅಂಗಡಿ ಸೆಕ್ಯೂರಿಟಿ ತಾನೇ ಗಾಡಿ ಎತ್ಕಂಡ್ ಮೆಟ್ಲು ಅತ್ತಿಸಿ ಒಳಕ್ ಬುಟ್ಟ.”

“ಗಾಡಿ ಒಳಕ್ ಬುಟ್ಟನಾ?”

“ಊ ಕಣೆ. ಆ ಕೆಲ್ಸದ ಉಡುಗಿ ಪಟ್ಟಿ ಈಸ್ಕಂಡು ತಾನೇ ಎಲ್ಲ ಎತ್ತಿ ಹಾಕಿದ್ಲು. ಬಿಲ್ ತಾವ ಕ್ಯೂನಲ್ಲಿದ್ದೋರು ಮುಂದಕ್ ಓಗಪ್ಪ ಅಂದ್ರು. ಒಬ್ಬಮ್ಮ ಅಂತೂ, ಇಂಥ ಗಂಡ ಸಿಗಾಕೆ ಪುಣ್ಯ ಮಾಡಿರ್ಬೇಕು ಅಂದ್ರು. ಜನ ಏಸ್ ಒಳ್ಳೇರು ಗೊತ್ತಾ? ನೀನ್ ಮಕ ಗಂಟಾಕ್ಕಂಡು ಓಗಿರ್ತೀಯ, ಅದಕ್ಕೇ…”

ಅವನು ಮಾತು ಮುಗಿಸಲಿಲ್ಲ. ರೂಪಶ್ರೀ ಮೆಟ್ಟಿಲಿಳಿದು ಬಂದಳು. ಮಕ್ಕಳ ಕಡೆ ನೋಡಲಿಲ್ಲ, ಅವನ ಕಡೆಯೂ ನೋಡಲಿಲ್ಲ. ನೇರ ರಸ್ತೆ ದಾಟಿ ನಮ್ಮ ಗೇಟು ತೆಗೆದು ಒಳಗೆ ಬಂದು ಹಜಾರದ ಕುರ್ಚಿಯಲ್ಲಿ ಕೂತಳು.

“ಅದೇ ಅಂಗಡಿ ಟೀಚರ್” ಅಂದಳು. “ಅದೇ ಸೆಕ್ಯೂರಿಟಿ. ಅದೇ ಉಡುಗಿ. ನನ್ ಮಕ್ಕಳೂ ಅವೇ.”

ನಾನು ಕಾಫಿ ಬೆರೆಸಿ ತಂದೆ. ಎದುರು ಮನೆಯಲ್ಲಿ ಮಕ್ಕಳು ಎಚ್ಚರವಾದದ್ದು ಕೇಳಿಸಿತು. ಮೊದಲು ಇಂಚರ, ಆಮೇಲೆ ಇಬ್ಬನಿ. ಸುದರ್ಶನನ “ಓ ಓ ಓ” ಎಂಬ ದನಿ. ಅರ್ಧ ಗಂಟೆ ಕಳೆಯಿತು. ನಮ್ಮ ಗೇಟಿನ ಮುಂದೆ ಅವನು ಬಂದು ನಿಂತ. ಎರಡು ತೋಳಿನಲ್ಲೂ ಮಕ್ಕಳು, ಅಂಗಿಯ ಮುಂಭಾಗವೆಲ್ಲ ರಾಗಿಸರಿ. ಗೇಟು ತೆಗೆಯಲು ಅವನಿಗೆ ಕೈ ಇರಲಿಲ್ಲ. “ರೂಪಾ, ಬಾರೆ, ನಿಲ್ತಿಲ್ಲ ಕಣೆ ಇವು” ಎಂದು ಕೂಗಿದ.

ಅವಳು ಏಳಲಿಲ್ಲ. ನಾನು ಏಳಹೋದೆ, ನನ್ನ ಕೈ ಹಿಡಿದು ಕೂರಿಸಿದಳು. ಕಾಫಿ ಆರಿತ್ತು. ಆರಿದ ಕಾಫಿಯನ್ನೇ ಪೂರ್ತಿ ಕುಡಿದಳು. ಆಮೇಲೆ ಗೇಟಿನ ಹತ್ತಿರ ಹೋಗಿ, ಒಳಗಡೆಯಿಂದಲೇ ನಿಂತು ಹೇಳಿದಳು.

“ಜನ ಒಳ್ಳೇರು ಅಂದ್ರಲ್ಲ, ನಿಮ್ಗೆ ಒಳ್ಳೇರು ಕಣ್ರಿ. ನೀವು ಮಕ್ಕಳ್ನ ಎತ್ಕಂಡು ಓದ್ರೆ ಅದು ದೊಡ್ ಗುಣ. ನಾನ್ ಎತ್ಕಂಡು ಓದ್ರೆ ಅದು ನನ್ ಕೆಲ್ಸ, ಅದ್ರಲ್ಲೂ ತಪ್ ಮಾಡ್ತೀನಿ. ನನ್ ಮಕ ಗಂಟಾಕಿತ್ತೋ ಇಲ್ವೋ ನೋಡಾಕೆ ನೀವ್ ಅಲ್ಲಿರ್ಲಿಲ್ಲ. ಪಟ್ಟಿ ಕೊಟ್ಟಿದ್ದೆ, ನಾಳಿದ್ದು ಅಂದ್ರಿ. ನಿಮ್ಗೆ ನಾಳಿದ್ದು ಅಂತ ಇತ್ತು, ಮಕ್ಕಳ್ಗೆ ಆವತ್ತಿನ ಊಟ ಇರ್ಲಿಲ್ಲ.”

ಮಕ್ಕಳು ಅಮ್ಮನನ್ನು ಕಂಡು ಕೈ ಚಾಚಿ ಇನ್ನಷ್ಟು ಅತ್ತವು. ಅವಳು ಗೇಟು ತೆಗೆದು ಒಂದನ್ನು ಮಾತ್ರ ಎತ್ತಿಕೊಂಡಳು. ಇನ್ನೊಂದನ್ನು ಅವನ ತೋಳಿನಲ್ಲೇ ಬಿಟ್ಟಳು. ಇಬ್ಬರೂ ರಸ್ತೆ ದಾಟಿದರು.

ಮೂರು ದಿನ ಆ ಮನೆಯಲ್ಲಿ ಮಾತುಕತೆ ಇರಲಿಲ್ಲ. ಆಮೇಲೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮುಂದಿನ ತಿಂಗಳಿಂದ ಸುದರ್ಶನ್ ದೂರದ ಮಾರ್ಗ ಬಿಟ್ಟು ಹೊಳೆನರಸೀಪುರದ ಕಡೆಯ ಡ್ಯೂಟಿ ಕೇಳಿ ಹಾಕಿಸಿಕೊಂಡ. ಸಂಜೆ ಏಳಕ್ಕೆ ಮನೆಯಲ್ಲಿರುತ್ತಾನೆ. ವಾರದ ರಜೆಯ ದಿನ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮಕ್ಕಳು ಅವನ ಪಾಲು. ಹೊನ್ನಕ್ಕನಿಗೆ ಇದು ಗೊತ್ತಾಗಿ ಫೋನಿನಲ್ಲಿ, “ಗಂಡಸ್ರ ಕೈಲಿ ಕುಂಡೆ ತೊಳ್ಸೋ ಕಾಲ ಬಂತಾ” ಎಂದರಂತೆ. ಮಿಕ್ಕ ಆರು ದಿನ ಹಗಲೆಲ್ಲ ರೂಪಶ್ರೀ ಒಬ್ಬಳೇ. ಮಕ್ಕಳು ಈಗ ನಡೆಯುತ್ತವೆ, ಒಂದು ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ. ಕಷ್ಟ ಕಡಿಮೆಯಾಗಿದೆ ಎಂದು ನಾನು ಹೇಳಲಾರೆ. ನಾನು ದಿನಕ್ಕೆ ಒಂದು ಗಂಟೆ ಒಂದು ಮಗುವನ್ನು ನೋಡಿಕೊಳ್ಳುತ್ತೇನೆ. ಎರಡನ್ನೂ ನೋಡಿಕೊಳ್ಳುವ ಧೈರ್ಯ ನನಗಿಲ್ಲ.

ರಜೆಯ ದಿನ ಅವಳು ಮೊದಲ ಸಲ ಒಬ್ಬಳೇ, ಬರಿಗೈ ಬೀಸಿಕೊಂಡು ಸಾಮಾನಿಗೆ ಹೋದಾಗ ನಾನು ಗೇಟಿನಲ್ಲಿದ್ದೆ. ಹೋಗುವಾಗ ಅವಳ ನಡಿಗೆಯೇ ಬೇರೆಯಾಗಿತ್ತು. ಒಂದೂವರೆ ಗಂಟೆಯಾದ ಮೇಲೆ ಚೀಲ ಹೊತ್ತು ಬಂದಳು. ಮುಖ ಕೆಂಪಾಗಿತ್ತು. ನಮ್ಮ ಜಗಲಿಯ ಮೇಲೆ ಚೀಲ ಇಟ್ಟು ನೀರು ಕೇಳಿದಳು.

“ಏನಾಯ್ತೇ?”

“ಆರು ಜನ ಟೀಚರ್. ಎಣಿಸ್ಕಂಡ್ ಬಂದಿದ್ದೀನಿ. ಮಕ್ಕಳ್ನ ಯಾರತ್ರ ಬುಟ್ಟು ಬಂದೆ ಅಂತ ಆರು ಜನ ಕೇಳಿದ್ರು. ಅಪ್ಪನತ್ರ ಅಂದ್ರೆ, ಅಯ್ಯೋ ಪಾಪ, ಗಂಡಸ್ರು ಎಂಗ್ ನೋಡ್ಕತಾರೆ, ಬಿರ್ರನೆ ಓಗು ಅಂತಾರೆ. ಇವ್ರು ದಿನಾ ಬಸ್ ಓಡ್ಸಾಕೆ ಓಯ್ತಾರಲ್ಲ, ಒಬ್ರಾದ್ರೂ ಕೇಳವ್ರಾ, ಮಕ್ಕಳ್ನ ಯಾರತ್ರ ಬುಟ್ಟು ಬಂದ್ಯಪ್ಪ ಅಂತ?”

ನೀರು ಕೊಟ್ಟೆ. ಅಷ್ಟರಲ್ಲಿ ಎದುರು ಮಹಡಿಯಿಂದ ಅಳು ಕೇಳಿಸಿತು, ಒಂದರದ್ದು, ಹಿಂದೆಯೇ ಇನ್ನೊಂದರದ್ದು. ಅವಳು ಚೀಲ ಎತ್ತಿಕೊಂಡು ದಡದಡ ರಸ್ತೆ ದಾಟಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಅಲ್ಲಿಯೇ ನಿಂತಳು. ಮೇಲೆ ಅಳು ಜೋರಾಯಿತು, ಪಾತ್ರೆಯೊಂದು ಉರುಳಿದ ಸದ್ದಾಯಿತು. ಸುದರ್ಶನ್ ಏನೋ ಗದರಿದ, ಆಮೇಲೆ ಏನೋ ಹಾಡಿದ. ಅವಳು ಇಟ್ಟ ಕಾಲು ಹಿಂದಕ್ಕೆ ತೆಗೆದು, ಚೀಲವನ್ನು ನೆಲಕ್ಕಿಟ್ಟು, ಗೋಡೆಗೆ ಒರಗಿ ಕೈಕಟ್ಟಿ ನಿಂತಳು. ಹನ್ನೆರಡಾಗಲು ಇನ್ನೂ ಸಮಯವಿತ್ತು.